ಸೂರ್ಯಾಸ್ತಕ್ಕೆ ಹತ್ತಬೇಕಾದ ದೀಪ: ಆಫ್‌ಸೆಟ್ ಸಾಕಾ, ಸೂರ್ಯನ ಕೋನ ಬೇಕಾ?

ಸಂಜೆಗೆಂಪು:

ಹೋಮ್ ಅಸಿಸ್ಟೆಂಟ್‌ನಲ್ಲಿ (ಮನೆಯ ದೀಪ, ಸೆನ್ಸರ್‌ಗಳನ್ನು ತಾನಾಗಿ ನಡೆಸುವ ಸಾಫ್ಟ್‌ವೇರ್) ಈಗಿರೋ ವ್ಯವಸ್ಥೆ ಹೀಗಿದೆ. ಸೂರ್ಯಾಸ್ತಕ್ಕೆ ಹೊರಗಿನ ಮೂರು ದೀಪ, ನಡುಮನೆಯ ಒಂದು ದೀಪ ಆನ್. ರಾತ್ರಿ 10:30ಕ್ಕೆ ಎಲ್ಲ ಆಫ್. ಬೆಳಗ್ಗೆ 5:30ಕ್ಕೆ ಹೊರಗಿನವು ಮತ್ತೆ ಆನ್, ಸೂರ್ಯೋದಯಕ್ಕೆ ಆಫ್. ಇದಲ್ಲದೆ ಮೆಟ್ಟಿಲ ಹತ್ತಿರ ಒಂದು ಮೋಷನ್ ಸೆನ್ಸರ್, ಅದರ ಆಟೋಮೇಷನ್‌ಗೆ "ಸೂರ್ಯಾಸ್ತದ ನಂತರ" ಅನ್ನೋ ಕಂಡಿಷನ್.

ತೊಂದರೆಗಳು:

1. ಹೊರಗೆ ಇನ್ನೂ ಬೆಳಕಿರುವಾಗಲೇ ದೀಪ ಹತ್ತುತ್ತೆ. ನಡುಮನೆಯಲ್ಲಿ ಉಲ್ಟಾ, ಕತ್ತಲಾಗಿ ಎಷ್ಟೋ ಹೊತ್ತಾದ ಮೇಲೆ ಹತ್ತುತ್ತೆ. 20 ನಿಮಿಷದ ಆಫ್‌ಸೆಟ್ (ಸೂರ್ಯಾಸ್ತಕ್ಕಿಂತ ಅಷ್ಟು ಹಿಂದೆ ಅಥವಾ ಮುಂದೆ) ಹಾಕಿದರೆ ಕೆಲವು ತಿಂಗಳು ಸರಿ, ಕೆಲವು ತಿಂಗಳು ತಪ್ಪು.
2. ವರ್ಷದ ಕೆಲವು ವಾರ ಹೊರಗಿನ ದೀಪಗಳು ಹಗಲಿಡೀ ಉರಿಯುತ್ತವೆ.
3. ಸಂಜೆ ಕರೆಂಟ್ ಹೋಗಿ ಸೂರ್ಯಾಸ್ತ ಕಳೆದ ಮೇಲೆ ಬಂದರೆ ಆ ರಾತ್ರಿ ದೀಪವೇ ಇಲ್ಲ.
4. ಮೆಟ್ಟಿಲ ದೀಪ ನಡುರಾತ್ರಿಯವರೆಗೆ ಚೆನ್ನಾಗಿ ನಡೆಯುತ್ತೆ, ಆಮೇಲೆ ಯಾರು ಓಡಾಡಿದರೂ ಕಣ್ಣೇ ಬಿಡಲ್ಲ.

ಅಕ್ಷಾಂಶ, ರೇಖಾಂಶ, ಟೈಮ್‌ಝೋನ್ ಎಲ್ಲ ಸರಿಯಾಗಿಯೇ ಇವೆ. ಇವಕ್ಕೆಲ್ಲ ಬೇರೆ ಬೇರೆ ತೇಪೆ ಹಾಕಬೇಕಾ, ಅಥವಾ ಇಡೀ ರಚನೆಯನ್ನೇ ಬದಲಾಯಿಸಬೇಕಾ?

---

ಅರೆಬೆಳಕು:

ರಚನೆಯನ್ನೇ ಬದಲಾಯಿಸಿ. ನಿಮ್ಮ ಆಟೋಮೇಷನ್‌ಗಳೆಲ್ಲ "ಈ ಕ್ಷಣ ಬಂತು, ಸ್ವಿಚ್ ಒತ್ತು" ಅನ್ನೋ ಧಾಟಿಯಲ್ಲಿವೆ. ಆ ಕ್ಷಣ ತಪ್ಪಿಹೋದರೆ, ಅಥವಾ ಎರಡು ಕ್ಷಣಗಳು ಹಿಂದುಮುಂದಾದರೆ, ಲೆಕ್ಕ ಕೆಟ್ಟಿತು.

ಎರಡನೇ ತೊಂದರೆ ಅದೇ. ಸೂರ್ಯೋದಯ 5:20ಕ್ಕೆ ಆಗುವ ದಿನ ನೋಡಿ. 5:20ಕ್ಕೆ ಆಫ್ ಆದೇಶ ಹೋಗುತ್ತೆ, ಆದರೆ ಆಗ ದೀಪ ಹತ್ತಿಯೇ ಇಲ್ಲ. 5:30ಕ್ಕೆ ಆನ್ ಆಗುತ್ತೆ. ಮುಂದಿನ ಆಫ್ ಆದೇಶ ಬರೋದು ರಾತ್ರಿ 10:30ಕ್ಕೆ. ಹದಿನೇಳು ಗಂಟೆ ದೀಪ ಉರಿಯುತ್ತೆ, ಲಾಗ್‌ನಲ್ಲಿ ಒಂದೇ ಒಂದು ಎರರ್ ಇರಲ್ಲ, ಯಾಕೆಂದರೆ ಎಲ್ಲವೂ ಹೇಳಿದಂತೆಯೇ ನಡೆದಿದೆ. ಧ್ರುವದ ಕಡೆ ವಾಸಿಸುವವರಿಗೆ ಬೇಸಿಗೆಯಲ್ಲಿ ಇದೇ ಪೆಟ್ಟು ಸಂಜೆ ಬೀಳುತ್ತೆ: 10:30ರ ಆಫ್ ಮುಗಿದ ಮೇಲೆ ಸೂರ್ಯ ಮುಳುಗಿ ದೀಪ ಹತ್ತಿ ಬೆಳಗಿನವರೆಗೂ ಉರಿಯುತ್ತೆ.

ನಾಲ್ಕನೆಯದು ಹೋಮ್ ಅಸಿಸ್ಟೆಂಟ್ ಬಳಸುವವರು ಪದೇ ಪದೇ ಎಡವುವ ಜಾಗ. "ಸೂರ್ಯಾಸ್ತದ ನಂತರ" ಅನ್ನೋ ಕಂಡಿಷನ್ ಹೋಲಿಸೋದು ಇವತ್ತಿನ ತಾರೀಖಿನ ಸೂರ್ಯಾಸ್ತದ ಜೊತೆ. ಗಡಿಯಾರ 12 ದಾಟಿದ ಕೂಡಲೇ "ಇವತ್ತು" ಬದಲಾಯಿತು, ಹೊಸ ತಾರೀಖಿನ ಸೂರ್ಯಾಸ್ತ ಇನ್ನೂ ಆಗಿಲ್ಲ, ಕಂಡಿಷನ್ ಸುಳ್ಳಾಯಿತು. ಪರಿಹಾರ ಎರಡು ಬಗೆ: "ಸೂರ್ಯಾಸ್ತದ ನಂತರ" ಮತ್ತು "ಸೂರ್ಯೋದಯದ ಮೊದಲು" ಎರಡನ್ನೂ ಬೇರೆ ಬೇರೆ ಕಂಡಿಷನ್ ಆಗಿ ಬರೆದು ಅವನ್ನು 'ಆರ್' (ಎರಡರಲ್ಲೊಂದು ನಿಜವಾದರೆ ಸಾಕು) ಒಳಗೆ ಹಾಕಿ. ಅಥವಾ ಇದನ್ನೆಲ್ಲ ಬಿಟ್ಟು, ಸನ್ ಎಂಟಿಟಿಯ (ಹೋಮ್ ಅಸಿಸ್ಟೆಂಟ್ ಸೂರ್ಯನ ಮಾಹಿತಿ ಇಡುವ ನಮೂದು) ಸ್ಟೇಟ್ 'ಬಿಲೋ ಹೊರೈಝನ್' (ದಿಗಂತದ ಕೆಳಗೆ) ಇದೆಯಾ ಅಂತ ಮಾತ್ರ ಕೇಳಿ. ಎರಡನೆಯದೇ ವಾಸಿ, ಅದಕ್ಕೆ ತಾರೀಖಿನ ಗೊಡವೆಯೇ ಇಲ್ಲ.

ಈಗ ಮೊದಲನೆಯದು, ಆಫ್‌ಸೆಟ್ ಯಾಕೆ ಕೈಕೊಡುತ್ತೆ ಅನ್ನೋದು. ಪಂಚಾಂಗದ ಸೂರ್ಯಾಸ್ತ ಅಂದರೆ ಸೂರ್ಯನ ಮೇಲಂಚು ದಿಗಂತದಿಂದ ಮರೆಯಾಗುವ ಗಳಿಗೆ. ಆಗ ಸೂರ್ಯನ ಕೇಂದ್ರ ದಿಗಂತದಿಂದ ಸುಮಾರು 0.83 ಡಿಗ್ರಿ ಕೆಳಗಿರುತ್ತೆ (ಬಿಂಬದ ಅರ್ಧ 16 ಕಲೆ, ವಾಯುಮಂಡಲ ಬೆಳಕನ್ನು ಬಗ್ಗಿಸೋದು 34 ಕಲೆ; 60 ಕಲೆ ಅಂದರೆ 1 ಡಿಗ್ರಿ). ಕತ್ತಲು ನಿರ್ಧಾರವಾಗೋದು ಅಲ್ಲಿಂದ ಮುಂದೆ ಎಷ್ಟು ಡಿಗ್ರಿ ಇಳಿದ ಅನ್ನೋದರ ಮೇಲೆ. ದಿಗಂತದಿಂದ 6 ಡಿಗ್ರಿ ಕೆಳಗೆ ಇಳಿಯೋವರೆಗಿನ ಮುಸ್ಸಂಜೆ ಬೆಳಕೇ ಸಿವಿಲ್ ಟ್ವಿಲೈಟ್. ಹೋಮ್ ಅಸಿಸ್ಟೆಂಟ್ ತೋರಿಸುವ 'ಡಸ್ಕ್' ಮತ್ತು 'ಡಾನ್' ಇದೇ 6 ಡಿಗ್ರಿಯವು.

ಆ 6 ಡಿಗ್ರಿ ಇಳಿಯೋಕೆ ಹಿಡಿಯುವ ಹೊತ್ತು ಎಲ್ಲ ಕಡೆ, ಎಲ್ಲ ಕಾಲದಲ್ಲಿ ಒಂದೇ ಅಲ್ಲ. ಸಮಭಾಜಕದ ಮೇಲೆ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ, 21ರಿಂದ 23 ನಿಮಿಷ ಸಾಕು. 45 ಡಿಗ್ರಿ ಅಕ್ಷಾಂಶದಲ್ಲಿ ಓರೆಯಾಗಿ ಜಾರುತ್ತಾನೆ, ಹಗಲು–ರಾತ್ರಿ ಸಮವಾಗಿರುವ ದಿನಗಳಲ್ಲೇ 29 ನಿಮಿಷ ಬೇಕು. 60 ಡಿಗ್ರಿಯಲ್ಲಿ ಅದೇ ದಿನ 41 ನಿಮಿಷ, ನಡುಬೇಸಿಗೆಯಲ್ಲಂತೂ ಗಂಟೆ ಮೀರುತ್ತೆ. ಹಾಗಾಗಿ ನಿಮಿಷದ ಬದಲು ಕೋನದಲ್ಲಿ ಬರೆಯಿರಿ. ಸಮಭಾಜಕದ ಹತ್ತಿರ ಇರುವವರಿಗೆ ವರ್ಷವಿಡೀ ಒಂದೆರಡು ನಿಮಿಷದ ವ್ಯತ್ಯಾಸ ಅಷ್ಟೆ, ಅವರಿಗೆ ಆಫ್‌ಸೆಟ್ಟೇ ಸಾಕು.

ನಿಮಗೆ ಬೇಕಾದ ಕೋನ ಯಾವುದು ಅಂತ ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ. ಮೋಡವಿಲ್ಲದ ಒಂದು ಸಂಜೆ ದೀಪಗಳನ್ನು ಆರಿಸಿಟ್ಟು, ಡೆವಲಪರ್ ಟೂಲ್ಸ್‌ನ ಸ್ಟೇಟ್ಸ್ ಪುಟದಲ್ಲಿ ಸನ್ ಎಂಟಿಟಿ ತೆರೆದಿಡಿ. ನಡುಮನೆಯಲ್ಲಿ ಅಕ್ಷರ ಮಸುಕಾಯಿತು ಅನ್ನಿಸಿದಾಗ 'ಎಲಿವೇಷನ್' (ದಿಗಂತದಿಂದ ಸೂರ್ಯನ ಕೋನ; ಮೇಲಿದ್ದರೆ +, ಕೆಳಗಿದ್ದರೆ −) ಎಷ್ಟಿದೆ ಬರೆದುಕೊಳ್ಳಿ, ಹೊರಗೆ ಮೆಟ್ಟಿಲ ಅಂಚು ಕಾಣದಾದಾಗ ಎಷ್ಟು ಅಂತ ಇನ್ನೊಮ್ಮೆ ಬರೆದುಕೊಳ್ಳಿ. ಸಾಮಾನ್ಯವಾಗಿ ಒಳಗಿಗೆ +2ರಿಂದ +4, ಹೊರಗಿಗೆ −3ರಿಂದ −5ರ ನಡುವೆ ಬಂದು ನಿಲ್ಲುತ್ತೆ. ಪಶ್ಚಿಮಕ್ಕೆ ಗುಡ್ಡವೋ ಎತ್ತರದ ಕಟ್ಟಡವೋ ಇದ್ದರೆ ಒಳಗಿನ ಸಂಖ್ಯೆ ಇನ್ನೂ ಮೇಲೇರುತ್ತೆ. (ಆ ಪುಟದಲ್ಲಿ ಮುಂದಿನ ಸೂರ್ಯಾಸ್ತದ ಸಮಯ ಯುಟಿಸಿಯಲ್ಲಿರುತ್ತೆ. ಅದನ್ನು ಸ್ಥಳೀಯ ಸಮಯ ಅಂದುಕೊಂಡು ಟೈಮ್‌ಝೋನ್ ಕೆಡಿಸಿಕೊಳ್ಳಬೇಡಿ.)

ಆಮೇಲೆ ರಚನೆ. ಸೆಟ್ಟಿಂಗ್ಸ್, ಡಿವೈಸಸ್ ಅಂಡ್ ಸರ್ವೀಸಸ್, ಹೆಲ್ಪರ್ಸ್, ಕ್ರಿಯೇಟ್ ಹೆಲ್ಪರ್, ಟೆಂಪ್ಲೇಟ್, ಬೈನರಿ ಸೆನ್ಸರ್. ಅಂದರೆ ನೀವು ಬರೆದ ಸೂತ್ರದಿಂದ ಆನ್ ಅಥವಾ ಆಫ್ ಆಗುವ ಕಾಲ್ಪನಿಕ ಸೆನ್ಸರ್. ಹೆಸರು "ಹೊರದೀಪ ಬೇಕು". ಅದು ನಿಜವಾಗೋದು ಎರಡೇ ಸಂದರ್ಭದಲ್ಲಿ:

ಸಂಜೆ: ಗಂಟೆ ಮಧ್ಯಾಹ್ನ 12 ದಾಟಿದೆ, 22:30 ಆಗಿಲ್ಲ, ಕೋನ −3ಕ್ಕಿಂತ ಕೆಳಗಿದೆ.
ಬೆಳಗ್ಗೆ: 5:30 ಆಗಿದೆ, ಮಧ್ಯಾಹ್ನ 12 ಆಗಿಲ್ಲ, ಕೋನ −3ಕ್ಕಿಂತ ಕೆಳಗಿದೆ.

ಇಷ್ಟರಲ್ಲಿ ಕ್ರಮ ತಪ್ಪುವ ಪ್ರಶ್ನೆಯೇ ಇಲ್ಲ. 5:30ಕ್ಕೆ ಬೆಳಕಾಗಿದ್ದರೆ ಸೆನ್ಸರ್ ನಿಜವಾಗುವುದೇ ಇಲ್ಲ, ದೀಪ ಹತ್ತುವುದೂ ಇಲ್ಲ. ಟೆಂಪ್ಲೇಟಿನಲ್ಲಿ ಈಗಿನ ಸಮಯ ಕೇಳುವ 'ನೌ' ಇದ್ದರೆ ಪ್ರತಿ ನಿಮಿಷದ ಆರಂಭದಲ್ಲಿ ಅದು ತಾನೇ ಮರುಲೆಕ್ಕ ಹಾಕುತ್ತೆ. ಸೂರ್ಯನ ಕೋನ ಮಾತ್ರ ಕೆಲವು ನಿಮಿಷಕ್ಕೊಮ್ಮೆ ಅಪ್‌ಡೇಟ್ ಆಗೋದು, ಹಾಗಾಗಿ −3.0ಕ್ಕೆ ಸರಿಯಾಗಿ ಹತ್ತಲಿಲ್ಲ, −3.4 ಆಗಿತ್ತು ಅಂತ ತಲೆ ಕೆಡಿಸಿಕೊಳ್ಳಬೇಡಿ.

ಒಂದೇ ಆಟೋಮೇಷನ್ ಸಾಕು. ಸೆನ್ಸರ್ ಆನ್ ಆದರೆ ದೀಪ ಆನ್, ಆಫ್ ಆದರೆ ಆಫ್. ಅದಕ್ಕೆ ಇನ್ನೆರಡು ಟ್ರಿಗರ್ (ಆಟೋಮೇಷನ್ ಓಡಿಸುವ ಘಟನೆ) ಸೇರಿಸಿ: ಹೋಮ್ ಅಸಿಸ್ಟೆಂಟ್ ಸ್ಟಾರ್ಟ್ ಆದಾಗ, ಮತ್ತು ದೀಪದ ಎಂಟಿಟಿ 'ಅನ್‌ಅವೈಲಬಲ್' ಸ್ಥಿತಿಯಿಂದ ಹೊರಬಂದಾಗ. ಮೂರನೇ ತೊಂದರೆಗೆ ಮದ್ದು ಇದೇ. ಬರೀ ಸ್ಟಾರ್ಟ್ ಟ್ರಿಗರ್ ಸಾಲದು, ಯಾಕೆಂದರೆ ಕರೆಂಟ್ ಬಂದಾಗ ಸರ್ವರ್ ಎದ್ದು ಆದೇಶ ಕೊಡುವ ಹೊತ್ತಿಗೆ ರೂಟರ್ ಇನ್ನೂ ಎದ್ದಿರುವುದಿಲ್ಲ, ಬಲ್ಬು ನೆಟ್‌ವರ್ಕಿಗೆ ಸೇರಿರುವುದಿಲ್ಲ, ಆದೇಶ ಗಾಳಿಗೆ ಹೋಗುತ್ತೆ.

"ಐದು ನಿಮಿಷಕ್ಕೊಮ್ಮೆ ಪರೀಕ್ಷಿಸಿ ಸರಿಮಾಡು" ಅನ್ನೋ ಟ್ರಿಗರ್ ಹಾಕುವ ಆಸೆ ಬರುತ್ತೆ. ಬೇಡ. ಯಾರಾದರೂ ಕೈಯಿಂದ ದೀಪ ಆರಿಸಿದರೆ ಐದು ನಿಮಿಷದಲ್ಲಿ ಮತ್ತೆ ಹತ್ತಿ ಕೂರುತ್ತೆ, ಮನೆಯವರ ಬೈಗುಳ ನಿಮಗೆ.

---

ರಿಲೇರಾಯ:

ಅರೆಬೆಳಕು ಅವರ ಸೆನ್ಸರ್ ಪದ್ಧತಿ ಸರಿ, ಆದರೆ ಹೊರಗಿನ ದೀಪ ಸರ್ವರ್ ಮೇಲೆ ಅವಲಂಬಿಸಿರುವುದೇ ನನಗೆ ಒಪ್ಪಿಗೆಯಿಲ್ಲ. ಮೆಮೊರಿ ಕಾರ್ಡ್ ಕೆಟ್ಟ ದಿನ ಗೇಟ್ ಕತ್ತಲಲ್ಲಿ. ದೀಪಕ್ಕೆ ಕರೆಂಟ್ ಕೊಡುವ ವೈಫೈ ಸ್ವಿಚ್, ಅಂದರೆ ರಿಲೇಯಲ್ಲೇ ಲೆಕ್ಕ ನಡೆಯಲಿ, ಸರ್ವರ್ ಬೇಕಾದರೆ ಮೇಲಿಂದ ಮಾತಾಡಲಿ.

ರಿಲೇಯೊಳಗಿನ ಸಾಫ್ಟ್‌ವೇರ್ ಟಾಸ್ಮೋಟಾ ಆದರೆ: ಕನ್ಸೋಲ್‌ನಲ್ಲಿ ಲ್ಯಾಟಿಟ್ಯೂಡ್, ಲಾಂಗಿಟ್ಯೂಡ್, ಟೈಮ್‌ಝೋನ್ ಕೊಡಿ. ಗಡಿಯಾರವನ್ನು ಬೇಸಿಗೆಗೆ ಒಂದು ಗಂಟೆ ಮುಂದೆ ಹಾಕುವ ಕಡೆಗಳಲ್ಲಿ ಟೈಮ್‌ಝೋನ್ 99 ಇಟ್ಟು, ಬದಲಾಗುವ ನಿಯಮವನ್ನು ಬೇರೆಯಾಗಿ ಕೊಡಬೇಕು. ಆಮೇಲೆ ಕಾನ್ಫಿಗರ್ ಟೈಮರ್ ಪುಟ. ಒಟ್ಟು 16 ಟೈಮರ್, ಪ್ರತಿಯೊಂದಕ್ಕೂ ಗಡಿಯಾರದ ಸಮಯ, ಸೂರ್ಯೋದಯ, ಸೂರ್ಯಾಸ್ತ ಮೂರರಲ್ಲೊಂದು ಆಯ್ಕೆ, ಹಿಂದೆ ಮುಂದೆ ಆಫ್‌ಸೆಟ್. ಮೇಲಿರುವ 'ಎನೇಬಲ್ ಟೈಮರ್ಸ್' ಗುರುತು ಹಾಕೋದನ್ನು ಮರೆತರೆ ಒಂದೂ ಓಡಲ್ಲ, ದಿನಗಳಿಗೆ ಗುರುತು ಹಾಕೋದನ್ನು ಮರೆತರೂ ಅಷ್ಟೆ. ರೇಖಾಂಶದ ಚಿಹ್ನೆ ನೋಡಿಕೊಳ್ಳಿ: ಪೂರ್ವ ಧನ, ಪಶ್ಚಿಮ ಋಣ. ಒಂದು ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ, 75 ಅಂತ ಹಾಕಬೇಕಾದಲ್ಲಿ −75 ಹಾಕಿದರೆ ಸೂರ್ಯಾಸ್ತ 10 ಗಂಟೆ ಆಚೆ ಹೋಗುತ್ತೆ. ಹಾಗಂತ ಆರು ದಶಾಂಶದ ನಿಖರತೆಯೂ ಬೇಡ. ಎರಡು ದಶಾಂಶ ಕೊಟ್ಟರೆ ಸೆಕೆಂಡುಗಳ ವ್ಯತ್ಯಾಸ. ಮನೆಯ ಜಾಗ ಯಾರ ಕ್ಲೌಡಿಗೂ ಅಷ್ಟು ಕರಾರುವಾಕ್ಕಾಗಿ ಗೊತ್ತಾಗುವ ಅಗತ್ಯವಿಲ್ಲ.

ಕರೆಂಟ್ ಹೋಗಿ ಬಂದಾಗ ಟಾಸ್ಮೋಟಾ ತಪ್ಪಿಹೋದ ಟೈಮರನ್ನು ಮತ್ತೆ ಓಡಿಸುವುದಿಲ್ಲ, ಆ ನಿಮಿಷ ಹೋಯಿತು ಅಂದರೆ ಹೋಯಿತು. 'ಪವರ್‌ಆನ್‌ಸ್ಟೇಟ್' 3 ಇದ್ದರೆ ಹಿಂದಿನ ಸ್ಥಿತಿಗೆ ಮರಳುತ್ತೆ, ಅಷ್ಟೆ. ಮಧ್ಯಾಹ್ನ ಹೋಗಿ ರಾತ್ರಿ ಬಂದರೆ ಹಿಂದಿನ ಸ್ಥಿತಿ ಆಫ್ ಅಲ್ಲವೇ? ಇದಕ್ಕೆ ಒಂದು ರೂಲ್ ಬೇಕು. 'ಟೈಮ್ ಇನಿಷಿಯಲೈಸ್ಡ್' ಟ್ರಿಗರ್ ಬಂದಾಗ ಈಗಿನ ಸಮಯವನ್ನು ಒಂದು ಈವೆಂಟಿಗೆ ಕೊಡಿ, ಆ ಈವೆಂಟಿನ ಬೆಲೆ ಸನ್‌ಸೆಟ್ ವೇರಿಯಬಲ್‌ಗಿಂತ ಹೆಚ್ಚಿದ್ದರೆ ಪವರ್ ಆನ್. ಎರಡೂ ನಡುರಾತ್ರಿಯಿಂದ ಎಣಿಸಿದ ನಿಮಿಷಗಳಲ್ಲಿರುತ್ತವೆ, ಸಂಜೆ 6:30 ಅಂದರೆ 1110. 10:30ರ ಮಿತಿ ಇರುವುದರಿಂದ 1350 ಮೀರಿದರೆ ಆಫ್ ಅನ್ನೋ ಸಾಲನ್ನೂ ಕೊನೆಗೆ ಸೇರಿಸಿ.

ಟ್ರಿಗರ್ 'ಸಿಸ್ಟಮ್ ಬೂಟ್' ಅಲ್ಲ, 'ಟೈಮ್ ಇನಿಷಿಯಲೈಸ್ಡ್' ಆಗಿರಲಿ. ಬೂಟ್ ಆದ ಕ್ಷಣ ಆ ಚಿಪ್ಪಿಗೆ ಸಮಯವೇ ಗೊತ್ತಿರುವುದಿಲ್ಲ, ಎನ್‌ಟಿಪಿಯಿಂದ (ಇಂಟರ್ನೆಟ್ಟಿನಲ್ಲಿ ಸಮಯ ಹೇಳುವ ಸೇವೆ) ಉತ್ತರ ಬರುವವರೆಗೆ ಅದು 1970ರಲ್ಲಿ ಕೂತಿರುತ್ತೆ.

ಇಂಟರ್ನೆಟ್ ನಂಬುವ ಹಾಗಿಲ್ಲದಿದ್ದರೆ ಈಎಸ್‌ಪಿಹೋಮ್ (ಟಾಸ್ಮೋಟಾದಂಥದ್ದೇ ಇನ್ನೊಂದು ಸಾಫ್ಟ್‌ವೇರ್) ಜೊತೆ ಡಿಎಸ್3231 ಗಡಿಯಾರದ ಮಾಡ್ಯೂಲ್ ಹಾಕಿ, ಅದು ವರ್ಷಕ್ಕೆ ಒಂದು ನಿಮಿಷದ ಆಸುಪಾಸಿನಲ್ಲಷ್ಟೇ ತಪ್ಪುತ್ತೆ. ಎನ್‌ಟಿಪಿ ಸಿಕ್ಕಾಗ ಸಮಯವನ್ನು ಅದಕ್ಕೆ ಬರೆಯುವ, ಬೂಟ್ ಆದಾಗ ಅದರಿಂದ ಓದುವ ಎರಡೂ ಆಕ್ಷನ್ ಬರೆಯಬೇಕು. ಬರೆಯುವುದನ್ನು ಬಿಟ್ಟರೆ ಮಾಡ್ಯೂಲ್ ಸುಮ್ಮನೆ ತಪ್ಪು ಸಮಯ ಕಾಯುತ್ತಾ ಕೂರುತ್ತೆ. ಅಗ್ಗದ ನೀಲಿ ಮಾಡ್ಯೂಲ್‌ಗಳಲ್ಲಿ ಸೆಲ್ ಚಾರ್ಜ್ ಮಾಡುವ ಒಂದು ಡಯೋಡ್ ಮತ್ತು 200 ಓಮ್ ರೆಸಿಸ್ಟರ್ ಇರುತ್ತೆ. ಚಾರ್ಜ್ ಆಗದ ಸಿಆರ್2032 ಸೆಲ್ ಹಾಕಿ 5 ವೋಲ್ಟ್ ಕೊಟ್ಟರೆ ಅದು ಉಬ್ಬುತ್ತೆ. ಆ ರೆಸಿಸ್ಟರ್ ಕಿತ್ತುಹಾಕಿ, ಇಲ್ಲವೇ 3.3 ವೋಲ್ಟಿನಲ್ಲಿ ನಡೆಸಿ.

ಇನ್ನೊಂದು, ಇದು ಜೀವದ ಪ್ರಶ್ನೆ: ಗೋಡೆಯ ಸ್ವಿಚ್ ಪೆಟ್ಟಿಗೆಯೊಳಗೆ ಕೂರುವ ಪುಟ್ಟ ವೈಫೈ ರಿಲೇಗಳಲ್ಲಿ ಬಹಳಷ್ಟಕ್ಕೆ ಒಳಗಿನ 3.3 ವೋಲ್ಟ್ ಭಾಗ ಮೇನ್ಸಿನಿಂದ ಬೇರ್ಪಟ್ಟಿರುವುದಿಲ್ಲ. ಅಂಥವಕ್ಕೆ ಹೊರಗಿನಿಂದ ಗಡಿಯಾರ, ಸೆನ್ಸರ್ ಏನನ್ನೂ ತಂತಿಯಲ್ಲಿ ಸೇರಿಸಬೇಡಿ. ಬೇರೆ ಬೋರ್ಡ್, ಬೇರೆ ಅಡಾಪ್ಟರ್.

---

ಲಕ್ಸ್‌ಲೆಕ್ಕ:

ಕೋನ, ಗಡಿಯಾರ ಎಲ್ಲ ಸರಿ, ಮೋಡಕ್ಕೆ ಏನು ಮಾಡ್ತೀರಿ? ದಟ್ಟ ಮೋಡ ಕವಿದ ಸಂಜೆ +5 ಡಿಗ್ರಿಯಲ್ಲೇ ನಡುಮನೆ ಕತ್ತಲಾಗುತ್ತೆ. ಬೆಳಕಿನ ವ್ಯವಸ್ಥೆಗೆ ಬೆಳಕನ್ನೇ ಅಳೆಯಬೇಕು.

ತಿಳಿಯಾದ ಆಕಾಶವಿದ್ದರೆ ಸೂರ್ಯಾಸ್ತದ ಹೊತ್ತಿಗೆ ಬಯಲಲ್ಲಿ ಸುಮಾರು 400 ಲಕ್ಸ್ (ಬೆಳಕು ಅಳೆಯುವ ಮಾನ) ಇರುತ್ತೆ, ಸಿವಿಲ್ ಟ್ವಿಲೈಟ್ ಮುಗಿಯುವಾಗ 3–4 ಲಕ್ಸ್. ಅರ್ಧ ಗಂಟೆಯೊಳಗೆ ನೂರು ಪಟ್ಟು ಕುಸಿತ. ಹಾಗಾಗಿ ಸೆನ್ಸರ್ ತುಂಬಾ ಕರಾರುವಾಕ್ಕಾಗಿ ಇರಬೇಕಾಗಿಲ್ಲ, 30 ಲಕ್ಸ್ ಅನ್ನೋದನ್ನು 40 ಅಂದರೂ ದೀಪ ಹತ್ತೋದು ಒಂದೆರಡು ನಿಮಿಷ ಆಚೀಚೆ.

ಬಿಎಚ್1750 ಅನ್ನೋ ಬೆಳಕಿನ ಸೆನ್ಸರ್ ತಗೊಳ್ಳಿ, 1ರಿಂದ 65535 ಲಕ್ಸ್‌ವರೆಗೆ ಓದುತ್ತೆ, ನಾಲ್ಕು ತಂತಿ. ಉತ್ತರದ ಅಥವಾ ದಕ್ಷಿಣದ ಗೋಡೆಗೆ, ನೇರ ಬಿಸಿಲು ಬೀಳದ ಕಡೆ, ಆಕಾಶ ಕಾಣುವಂತೆ ಕೂರಿಸಿ. ಬಿಳಿ ಮುಚ್ಚಳದೊಳಗೆ ಇಟ್ಟರೆ ಓದುವ ಸಂಖ್ಯೆ ಇಳಿಯುತ್ತೆ, ಪರವಾಗಿಲ್ಲ, ಮಿತಿಯನ್ನೂ ಅದಕ್ಕೆ ತಕ್ಕಂತೆ ಇಳಿಸಿ.

ಹೊರಗಿನ ದೀಪಕ್ಕೆ: 20 ಲಕ್ಸಿಗಿಂತ ಕೆಳಗೆ 5 ನಿಮಿಷ ಇದ್ದರೆ ಆನ್, 60ಕ್ಕಿಂತ ಮೇಲೆ 10 ನಿಮಿಷ ಇದ್ದರೆ ಆಫ್. ಎರಡು ಮಿತಿಗಳ ನಡುವೆ ಅಂತರ ಇಲ್ಲದಿದ್ದರೆ ಮೋಡ ಸರಿದಾಗೆಲ್ಲ ದೀಪ ಕಣ್ಣು ಮಿಟುಕಿಸುತ್ತೆ.

---

ಅರೆಬೆಳಕು:

ಲಕ್ಸ್‌ಲೆಕ್ಕ ಅವರೇ, ನಿಮ್ಮ ಲೆಕ್ಕದಲ್ಲಿ ಒಂದು ತೂತಿದೆ. ದೀಪ ಹತ್ತಿದ ಮೇಲೆ ಅದರ ಬೆಳಕೇ ಸೆನ್ಸರಿನ ಮೇಲೆ ಬಿದ್ದರೆ? 60 ದಾಟಿತು, ಹತ್ತು ನಿಮಿಷ ಕಳೆಯಿತು, ಆಫ್. ಕತ್ತಲಾಯಿತು, ಐದು ನಿಮಿಷ, ಆನ್. ರಾತ್ರಿಯಿಡೀ ಇದೇ ಕಣ್ಣಾಮುಚ್ಚಾಲೆ. ಅಂಗಡಿಯಲ್ಲಿ ಸಿಗುವ ಬರೀ ಫೋಟೋಸೆಲ್ ಸ್ವಿಚ್‌ಗಳದ್ದೂ ಇದೇ ರೋಗ.

ಲಕ್ಸ್ ಅನ್ನು ಹತ್ತಿಸೋಕೆ ಮಾತ್ರ ಬಳಸಿ, ಆರಿಸೋದು ಕೋನಕ್ಕೆ ಮತ್ತು ಗಡಿಯಾರಕ್ಕೆ ಬಿಡಿ. ಒಳಗಿನ ದೀಪದ ಸಂಜೆಯ ನಿಯಮ ಹೀಗೆ: ಕೋನ +2ಕ್ಕಿಂತ ಕೆಳಗಿದ್ದರೆ ಲಕ್ಸ್ ಏನೇ ಇರಲಿ ಆನ್. +2 ಮತ್ತು +10ರ ನಡುವೆ ಇದ್ದರೆ ಲಕ್ಸ್ ಮಿತಿಗಿಂತ ಕೆಳಗಿದ್ದಾಗ ಮಾತ್ರ ಆನ್. +10ರ ಮೇಲೆ ಸೆನ್ಸರ್ ಏನೇ ಕೂಗಿದರೂ ಕಿವಿಗೊಡಬೇಡಿ. ಹೀಗೆ ಮಾಡಿದರೆ ಸೆನ್ಸರಿನ ಮೇಲೆ ಜೇಡ ಗೂಡು ಕಟ್ಟಿದರೂ ಹಗಲು ದೀಪ ಹತ್ತಲ್ಲ, ಸೆನ್ಸರ್ ಸತ್ತರೂ ಸಂಜೆ ದೀಪ ತಪ್ಪಲ್ಲ. ಹೊರಗಿನದಕ್ಕೆ ಲಕ್ಸ್ ಬೇಕೇ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಮೋಡದ ಸಂಜೆಗಾಗಿ −3 ಇದ್ದದ್ದನ್ನು −1 ಮಾಡಿಬಿಡಿ, ಮುಗೀತು.

ರಿಲೇರಾಯರು ಹೇಳಿದ ಹಾಗೆ ಎಲ್ಲವನ್ನೂ ರಿಲೇಯಲ್ಲೇ ಇಟ್ಟರೆ ಆಮೇಲೆ ತಲೆನೋವು ಬೇರೆ ರೀತಿ. ನಾಲ್ಕು ತಿಂಗಳಾದ ಮೇಲೆ ದೀಪ ಹೇಳದೆ ಕೇಳದೆ ಹತ್ತುತ್ತೆ, ಹೋಮ್ ಅಸಿಸ್ಟೆಂಟ್‌ನ ಲಾಗ್‌ನಲ್ಲಿ ಕಾರಣ ಕಾಣಲ್ಲ, ಆ ಟೈಮರ್ ಎಲ್ಲೋ ರಿಲೇಯೊಳಗೆ ಕೂತಿರುತ್ತೆ. ಎರಡೂ ಕಡೆ ವೇಳಾಪಟ್ಟಿ ಇಡುವುದಾದರೆ ಹತ್ತುವ ಹೊತ್ತೂ 10:30ರ ಮಿತಿಯೂ ಎರಡರಲ್ಲೂ ಒಂದೇ ಇರಲಿ.

---

ಸಂಜೆಗೆಂಪು:

ಸೆನ್ಸರ್ ಪದ್ಧತಿಗೆ ಬದಲಾಯಿಸಿದೆ. ಅಳೆದಾಗ ಒಳಗೆ +3.1, ಹೊರಗೆ −4.2 ಬಂತು. ಸಂಜೆ ಸರಿಯಾಗಿದೆ, ಸರ್ವರ್ ರೀಸ್ಟಾರ್ಟ್ ಮಾಡಿ ನೋಡಿದರೂ ದೀಪ ತನ್ನ ಸ್ಥಿತಿಗೆ ಬಂತು.

ಇನ್ನು ಉಳಿದದ್ದು ಎರಡು. ಬೆಳಗಿಗೂ −4.2 ಇಟ್ಟರೆ ಸ್ವಲ್ಪ ಬೇಗ ಆರುತ್ತೆ ಅನ್ನಿಸುತ್ತೆ, ಹಾಗಿರಬಹುದಾ? ಮತ್ತೆ, ಗೇಟಿನ ದೀಪ ಆ್ಯಪ್‌ನಲ್ಲಿ ಆಫ್ ಅಂತ ತೋರಿಸುತ್ತೆ, ಆದರೆ ಉರಿಯುತ್ತಲೇ ಇದೆ. ವೇಳಾಪಟ್ಟಿಯ ತಪ್ಪೇ? ಆ ರಿಲೇ ಮೇಲೆ ಒಟ್ಟು ಆರು ಎಲ್‌ಇಡಿ ಫಿಟ್ಟಿಂಗ್‌ಗಳಿವೆ, ಎಲ್ಲ ಸೇರಿ 70 ವ್ಯಾಟ್ ಕೂಡ ಇಲ್ಲ.

---

ಅರೆಬೆಳಕು:

ಹಾಗಿರಬಹುದು. ಸಂಜೆ ನಿಮ್ಮ ಕಣ್ಣು ಹಗಲಿನ ಬೆಳಕಿನಿಂದ ನಿಧಾನವಾಗಿ ಕತ್ತಲಿಗೆ ಹೊಂದಿಕೊಂಡಿರುತ್ತೆ. ಬೆಳಗ್ಗೆ ಒಳಗೆ ದೀಪ ಹಾಕಿಕೊಂಡು ಹೊರಗೆ ನೋಡಿದರೆ ಅದೇ ಬೆಳಕು ಕತ್ತಲಂತೆ ಕಾಣುತ್ತೆ. ಬೆಳಗಿನ ಸಾಲಿಗೆ −2 ಹಾಕಿ ನೋಡಿ. ಒಂದು ಕೋನ ಎರಡೂ ಹೊತ್ತಿಗೆ ಇರಲೇಬೇಕು ಅಂತೇನಿಲ್ಲ, ಟೆಂಪ್ಲೇಟಿನಲ್ಲಿ ಅವು ಬೇರೆ ಬೇರೆ ಸಾಲುಗಳೇ.

ಇಷ್ಟರ ಮಧ್ಯೆ ಒಂದು ಮಾತು: ವರ್ಷದ ಅತಿ ಉದ್ದದ ಹಗಲಿನ ದಿನವೇ ಸೂರ್ಯ ಅತಿ ಬೇಗ ಹುಟ್ಟಿ ಅತಿ ತಡವಾಗಿ ಮುಳುಗುತ್ತಾನೆ ಅಂದುಕೊಂಡು ಪರೀಕ್ಷೆ ಮಾಡಬೇಡಿ. ಅತಿ ಬೇಗನೆ ಸೂರ್ಯೋದಯ ಅದಕ್ಕೆ ಮೊದಲೇ ಬರುತ್ತೆ, ಅತಿ ತಡದ ಸೂರ್ಯಾಸ್ತ ಅದು ಕಳೆದ ಮೇಲೆ. ಸಮಭಾಜಕದ ಹತ್ತಿರ ಹೋದಷ್ಟೂ ಈ ಅಂತರ ವಾರಗಳಿಗೆ ಹಿಗ್ಗುತ್ತೆ.

---

ರಿಲೇರಾಯ:

ಗೇಟಿನದು ವೇಳಾಪಟ್ಟಿಯ ತಪ್ಪಲ್ಲ, ರಿಲೇಯ ಕಾಂಟ್ಯಾಕ್ಟ್ ಅಂಟಿಕೊಂಡಿದೆ. ಮೊದಲು ಖಚಿತ ಮಾಡಿಕೊಳ್ಳಿ: ಆಫ್ ಕೊಟ್ಟಾಗ "ಟಿಕ್" ಶಬ್ದ ಬಂದೂ ದೀಪ ಪೂರ್ತಿ ಪ್ರಖರವಾಗಿ ಉರಿದರೆ ಅಂಟಿದೆ ಅಂತಲೇ. ಮಂಕಾಗಿ ಮಿಣುಕುತ್ತಿದ್ದರೆ ಬೇರೆ ಕತೆ, ಅದು ಸೋರುವ ಕರೆಂಟು: ನ್ಯೂಟ್ರಲ್ ಇಲ್ಲದ ಸ್ವಿಚ್‌ನಿಂದಲೋ, ಕಾಂಟ್ಯಾಕ್ಟಿಗೆ ಅಡ್ಡಲಾಗಿರುವ, ಕಿಡಿ ತಡೆಯುವ ಸ್ನಬರ್‌ನಿಂದಲೋ ಬರುತ್ತೆ. ಅದಕ್ಕೆ ದೀಪಕ್ಕೆ ಸಮಾನಾಂತರವಾಗಿ ಬೈಪಾಸ್ ಕೆಪಾಸಿಟರ್ ಹಾಕಬೇಕು, ಮೇನ್ಸಿಗೆಂದೇ ಮಾಡಿದ ಎಕ್ಸ್2 ದರ್ಜೆಯದ್ದು.

70 ವ್ಯಾಟ್ ನೋಡಿ ಮೋಸಹೋಗಬೇಡಿ. ಎಲ್‌ಇಡಿ ಡ್ರೈವರ್‌ಗಳ ಒಳಗೆ ಖಾಲಿ ಕೆಪಾಸಿಟರ್‌ಗಳಿರುತ್ತವೆ, ಆನ್ ಮಾಡಿದ ಕ್ಷಣ ಆರೂ ಒಟ್ಟಿಗೆ ಬಾಯಿ ತೆರೆಯುತ್ತವೆ. ಒಂದು ಮಿಲಿಸೆಕೆಂಡಿಗೂ ಕಡಿಮೆ ಹೊತ್ತು ಹತ್ತಾರು ಆಂಪಿಯರ್ ಹರಿಯಬಹುದು. ರಿಲೇ ಮೇಲೆ ಬರೆದ 10 ಆಂಪಿಯರ್ ಹೀಟರಿನಂಥ ರೆಸಿಸ್ಟಿವ್ ಲೋಡಿನದ್ದು, ಎಲ್‌ಇಡಿಯದ್ದಲ್ಲ. ದಿನಕ್ಕೆ ಎರಡು ಸಲ ಆನ್ ಆದರೆ ವರ್ಷಕ್ಕೆ 730 ಪೆಟ್ಟು. ಪ್ರತಿ ಪೆಟ್ಟಿಗೂ ಕಾಂಟ್ಯಾಕ್ಟಿನ ತುದಿ ಒಂದಿಷ್ಟು ಕರಗುತ್ತೆ, ಕೊನೆಗೊಂದು ದಿನ ಬೆಸೆದುಕೊಳ್ಳುತ್ತೆ.

ತಟ್ಟಿ ಬಿಡಿಸಬಹುದು, ಆದರೆ ಒಂದು ಸಲ ಅಂಟಿದ್ದು ಮತ್ತೆ ಅಂಟುತ್ತೆ. ಬದಲಾಯಿಸಿ. ವೋಲ್ಟೇಜ್ ಸೊನ್ನೆ ದಾಟುವಾಗ ಕಾಂಟ್ಯಾಕ್ಟ್ ಮುಚ್ಚುವ ಝೀರೋ ಕ್ರಾಸಿಂಗ್ ರಿಲೇ ಸಿಕ್ಕರೆ ಒಳ್ಳೆಯದು. ಇಲ್ಲವೇ ಪುಟ್ಟ ರಿಲೇಯಿಂದ ಒಂದು ಕಾಂಟ್ಯಾಕ್ಟರ್ (ದೊಡ್ಡ ಲೋಡಿನ ರಿಲೇ) ಎಳೆಸಿ, ಅದು ಆರು ದೀಪದ ಭಾರ ಹೊರಲಿ. ಎರಡೂ ಆಗದಿದ್ದರೆ ಮೂರು ಮೂರರಂತೆ ಎರಡು ರಿಲೇಗೆ ಹಂಚಿ, ನಡುವೆ ಎರಡು ಸೆಕೆಂಡ್ ಬಿಟ್ಟು ಆನ್ ಮಾಡಿಸಿ. ಮೇನ್ ಸ್ವಿಚ್ ಆರಿಸಿ, ಟೆಸ್ಟರ್ ಹಿಡಿದು ನೋಡಿದ ಮೇಲೆಯೇ ಪೆಟ್ಟಿಗೆ ಬಿಚ್ಚಿ.

---

ಲಕ್ಸ್‌ಲೆಕ್ಕ:

ಗೇಟಿಗೆ ಬರೀ ಸೂರ್ಯಾಸ್ತ–ಸೂರ್ಯೋದಯ ಸಾಕು, ಆ್ಯಪ್ ಬೇಡ ಅನ್ನುವುದಾದರೆ ಡಿಬಿ ಪೆಟ್ಟಿಗೆಯಲ್ಲಿ (ಮನೆಯ ಮೇನ್ ವಿದ್ಯುತ್ ಪೆಟ್ಟಿಗೆ) ಕೂರುವ, ಸೂರ್ಯಾಸ್ತದ ಲೆಕ್ಕ ತಾನೇ ಹಾಕುವ ಆಸ್ಟ್ರೋ ಟೈಮರ್ ಒಂದು ಹಾಕಿಬಿಡಿ. ಒಳಗೇ ಬ್ಯಾಟರಿ ಇರುತ್ತೆ, ಜಾಗ ಮತ್ತು ತಾರೀಖು ಒಮ್ಮೆ ಕೊಟ್ಟರೆ ಆಯಿತು, ವೈಫೈ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಕೊಳ್ಳುವಾಗ ಅಕ್ಷಾಂಶ–ರೇಖಾಂಶ ನೇರವಾಗಿ ಹಾಕಲು ಬರುತ್ತಾ ನೋಡಿ, ಕೆಲವದರಲ್ಲಿ ಊರುಗಳ ಪಟ್ಟಿ ಮಾತ್ರ ಇರುತ್ತೆ. ತಾರೀಖು ಹಾಕುವಾಗ ದಿನ ಮೊದಲೋ ತಿಂಗಳು ಮೊದಲೋ ಅಂತ ಎರಡು ಸಲ ಓದಿ. 4ನೇ ತಿಂಗಳ 10ನೇ ತಾರೀಖು 10ನೇ ತಿಂಗಳ 4 ಆಗಿ ಕೂತರೆ ದೀಪ ಅರ್ಧ ವರ್ಷ ಆಚೆಯ ಸೂರ್ಯಾಸ್ತ ನೋಡಿಕೊಂಡು ಹತ್ತುತ್ತೆ. ಮತ್ತೆ ಅದರ ರಿಲೇಗೂ ಎಲ್‌ಇಡಿ ಲೋಡ್ ಎಷ್ಟು ಅಂತ ಬೇರೆಯಾಗಿ ಬರೆದಿರುತ್ತೆ, ಆಂಪಿಯರ್ ಬಿಟ್ಟು ಆ ವ್ಯಾಟ್ ಸಂಖ್ಯೆ ನೋಡಿ.